ಟೌ ಸೈನ್ಯ, 2001ರ ಕೋಡೆಕ್ಸ್: ವರ್ಷಗಟ್ಟಲೆ ಆಡಿದ ಮೇಲೆ

ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ವಾರ್‌ಹ್ಯಾಮರ್ 40,000 ಆಟ ಆಡುವವರಲ್ಲಿ ಟೌ ಸೈನ್ಯಕ್ಕೆ ಒಂದು ಕೆಟ್ಟ ಹೆಸರಿದೆ. ದೂರದಲ್ಲಿ ನಿಂತು ಸುಮ್ನೆ ಗುಂಡು ಹಾರಿಸ್ತಾರೆ, ಗೆದ್ದುಬಿಡ್ತಾರೆ ಅಂತ. 2001ರ ಕೋಡೆಕ್ಸ್, ಅಂದರೆ ಸೈನ್ಯದ ನಿಯಮಪುಸ್ತಕ, ಹಿಡಿದು ಹಳೆಯ ನಿಯಮದಲ್ಲೇ ಈ ಸೈನ್ಯವನ್ನು ಬಹಳ ವರ್ಷ ಆಡಿದ್ದೇನೆ. ಗುಂಡಿನ ಮಾತು ನಿಜ. ಗೆಲ್ಲುವ ಮಾತು ಅಷ್ಟು ಸಲೀಸಲ್ಲ.

ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇವರನ್ನು ತಂದದ್ದು 2001ರಲ್ಲಿ, ಆಟದ ಮೂರನೇ ಆವೃತ್ತಿಯ ಕಾಲಕ್ಕೆ. ಆ ಲೋಕದಲ್ಲಿ ಎಲ್ಲಿ ನೋಡಿದರೂ ತಲೆಬುರುಡೆ, ಮುಳ್ಳು, ರಕ್ತ. ಇವರಿಗೋ ನುಣುಪಾದ ಕವಚ, ಜಪಾನಿ ಕಾರ್ಟೂನಿನ ರೋಬೋ ಥರದ ಬ್ಯಾಟಲ್‌ಸೂಟು, ಜೊತೆಗೆ ಎಲ್ಲರ ಒಳಿತಿನ ಮಂತ್ರ. ಹಳಬರು ಮೂಗು ಮುರಿದರು. ನನಗೆ ಹಿಡಿಸಿದ್ದೇ ಅದು.

ಫೈರ್ ವಾರಿಯರ್ ಅಂದರೆ 10 ಪಾಯಿಂಟಿನ (ಸೈನ್ಯ ಕಟ್ಟುವಾಗ ತೆರುವ ಬೆಲೆ) ಸಾಮಾನ್ಯ ಸಿಪಾಯಿ. ಅವನ ಪಲ್ಸ್ ರೈಫಲ್ 30 ಇಂಚು ಹೊಡೆಯುತ್ತದೆ, ಬಲ 5. ಎದುರಾಳಿ ಪಡೆಯ ಸ್ಪೇಸ್ ಮರೀನ್ ಸೈನಿಕ ಹಿಡಿದ ಬೋಲ್ಟರ್ ಬಂದೂಕು 24 ಇಂಚು, ಬಲ 4. ಕಾಗದದ ಮೇಲೆ ಇದನ್ನು ಓದಿದ ಯಾರಿಗಾದರೂ ಹೊಟ್ಟೆ ಉರಿಯಬೇಕು! ಆದರೆ ಗುರಿ ಮುಟ್ಟಬೇಕಲ್ಲ. ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ಮಾತ್ರ ಗುಂಡು ತಾಗುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ.

ಕೈಕೈ ಮಿಲಾಯಿಸಿದರಂತೂ ಕಥೆ ಮುಗಿಯಿತು. ಫೈರ್ ವಾರಿಯರ್‌ನ ಕಾದಾಟದ ಅಂಕ ಬರೀ 2, ಚುರುಕಿನ ಅಂಕವೂ 2. ಮರೀನುಗಳು ಮೊದಲು ಹೊಡೆಯುತ್ತಾರೆ, ನಮ್ಮವರಲ್ಲಿ ಉಳಿದವರು ಆಮೇಲೆ ಏನೋ ಒಂದಿಷ್ಟು ತಡವುತ್ತಾರೆ. ಆ ಕಾಲದ ನಿಯಮದಲ್ಲಿ ಗೆದ್ದ ತುಕಡಿ ಹಾಗೇ ಮುಂದೆ ನುಗ್ಗಿ ಪಕ್ಕದ ತುಕಡಿಯ ಮೇಲೂ ಬೀಳಬಹುದಿತ್ತು. ಸಾಲಾಗಿ ನಿಲ್ಲಿಸಿದ ನನ್ನ ಫೈರ್ ವಾರಿಯರ್‌ಗಳನ್ನು ಒಂದೇ ಮರೀನ್ ತುಕಡಿ ಎಡದಿಂದ ಬಲಕ್ಕೆ ಗುಡಿಸಿಕೊಂಡು ಹೋದದ್ದುಂಟು. ಹಾಗಾಗಿ ಹಿಂದೆ ನಿಂತು ಹೊಡೆಯುವ ಟೌ ಆಟಗಾರ ಸೋಲುವ ಟೌ ಆಟಗಾರನೇ.

ಈ ಸೈನ್ಯದ ಜೀವ ಇರುವುದು ಓಡಾಟದಲ್ಲಿ. ಕ್ರೈಸಿಸ್ ಎಂಬ ಬ್ಯಾಟಲ್‌ಸೂಟುಗಳನ್ನೇ ನೋಡಿ. ಗೋಡೆಯ ಮರೆಯಿಂದ 6 ಇಂಚು ಹೊರಗೆ ಬರುತ್ತವೆ, ಹೊಡೆಯುತ್ತವೆ, ಆಮೇಲೆ ಬರುವ ಅಸಾಲ್ಟ್ (ಮೈಮೇಲೆ ಬೀಳುವ) ಹಂತದಲ್ಲಿ ಮತ್ತೆ 6 ಇಂಚು ಹಿಂದೆ ಸರಿದು ಮರೆಯಾಗುತ್ತವೆ. ಎದುರಿನವನ ಸರದಿ ಬಂದಾಗ ಗುರಿಯಿಡಲು ಅಲ್ಲಿ ಏನೂ ಇರುವುದಿಲ್ಲ. ಇದನ್ನು ಚೆನ್ನಾಗಿ ಕಲಿತರೆ ಗೆಳೆಯರು ಕಡಿಮೆಯಾಗ್ತಾರೆ, ನೆನಪಿರಲಿ.

ಕೆಟ್ಟ ಹೆಸರು ಜಾಸ್ತಿಯಾಗಿದ್ದು 'ಫಿಶ್ ಆಫ್ ಫ್ಯೂರಿ' ತಂತ್ರದಿಂದ. ಡೆವಿಲ್‌ಫಿಶ್ ಎಂಬ ಹಾರುವ ಬಂಡಿಗಳನ್ನು ಶತ್ರುವಿನ ಮುಂದೆಯೇ ಅಡ್ಡ ನಿಲ್ಲಿಸುವುದು. ಹಿಂದೆ ಇಳಿದ ಸಿಪಾಯಿಗಳು ಬಂಡಿಯ ಅಡಿಯಿಂದ 12 ಇಂಚಿನೊಳಗೆ ತಲಾ ಎರಡು ಗುಂಡು ಹಾರಿಸುವುದು. ಬಂಡಿ ಅಡ್ಡ ಇರುವುದರಿಂದ ಶತ್ರುವಿಗೆ ಅವರ ಮೇಲೆ ಬೀಳಲು ದಾರಿಯಿಲ್ಲ. ನಿಯಮದ ಪ್ರಕಾರ ಸರಿ. ಆದರೂ ಇದನ್ನು ಗೆಳೆಯರ ಜೊತೆ ಆಡಲು ನನಗೆ ಮನಸ್ಸು ಬರುವುದಿಲ್ಲ.

ಹ್ಯಾಮರ್‌ಹೆಡ್ ಟ್ಯಾಂಕಿನ ರೈಲ್‌ಗನ್ ಮಾತ್ರ ಹೆಸರಿಗೆ ತಕ್ಕ ಹಾಗಿದೆ. 72 ಇಂಚು, ಬಲ 10. ದಪ್ಪ ಕವಚದ ಲ್ಯಾಂಡ್ ರೇಡರ್ ಟ್ಯಾಂಕ್ ಇಟ್ಟುಕೊಂಡವರೂ ಇದಕ್ಕೆ ಹೆದರುತ್ತಾರೆ. ಟೌಗಳ ಗುರುವಿನಂಥ ಈಥೀರಿಯಲ್ ನಾಯಕ ಬೇಡವೇ ಬೇಡ. ಅವನು ಸತ್ತರೆ ಟೌ ಪಡೆಯಿಡೀ ಮೊರಾಲ್ ಟೆಸ್ಟ್ (ಧೈರ್ಯದ ಪರೀಕ್ಷೆ) ಎದುರಿಸಬೇಕು, ಎದುರಾಳಿಗೆ ನಾವೇ ದಾರಿ ತೋರಿಸಿದ ಹಾಗೆ. ಆ ಪಾಯಿಂಟುಗಳಿಗೆ ಟೌಗಳ ಜೊತೆಗಾರರಾದ ಕ್ರೂಟ್ ತುಕಡಿ ತಗೊಳ್ಳಿ. ಸತ್ತವರನ್ನು ತಿನ್ನುವ ಈ ಕಾಡುಜೀವಿಗಳಿಗೆ ಕವಚ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಮರಗಳ ನಡುವೆ ನಿಲ್ಲಿಸಿದರೆ ಶತ್ರುವನ್ನು ಒಂದೆರಡು ಸರದಿ ತಡೆದು ನಿಲ್ಲಿಸುತ್ತವೆ. ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ?

2006ರಲ್ಲಿ ಬಂದ ಮುಂದಿನ ಕೋಡೆಕ್ಸ್‌ನಲ್ಲಿ ಆಯ್ಕೆಗಳು ಹೆಚ್ಚಿವೆ, ಆಡುವ ರೀತಿ ಹೆಚ್ಚುಕಡಿಮೆ ಅದೇ. ಹಳೆ ನಿಯಮದಲ್ಲಿ ಆಡುವ ಗುಂಪು ಸಿಕ್ಕರೆ ಯಾವುದಾದರೂ ಸರಿ, ನನಗೆ ಮಾತ್ರ 2001ರದ್ದೇ ಇಷ್ಟ.

ಹಳೆಯ ಬೊಂಬೆಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ರಾಡ್‌ಸೈಡ್ ಎಂಬ ಬ್ಯಾಟಲ್‌ಸೂಟಿನ ಬಗ್ಗೆ ಎಚ್ಚರ ವಹಿಸಿ. ಮೈ ಪ್ಲಾಸ್ಟಿಕ್, ಹೆಗಲ ಮೇಲಿನ ಬಂದೂಕು ಲೋಹದ್ದು. ಭಾರಕ್ಕೆ ಅಂಟು ಬಿಡುತ್ತದೆ, ಬೊಂಬೆ ಮಗುಚುತ್ತದೆ. ನಾನು ಸಣ್ಣ ತೂತು ಕೊರೆದು ತಂತಿ ಹಾಕಿ ಜೋಡಿಸಿದ್ದೇನೆ, ತಳಕ್ಕೆ ಒಂದು ನಾಣ್ಯ ಅಂಟಿಸಿದ್ದೇನೆ. ಆಮೇಲೆ ಬಿದ್ದಿಲ್ಲ.