ಮ್ಯಾಮೊಗ್ರಾಮ್: ಫಲಿತಾಂಶಕ್ಕಿಂತ ಮೊದಲು ಆ ಒಂದು ಅಕ್ಷರ ನೋಡಿ

ಸ್ತನ ಕ್ಯಾನ್ಸರ್ ಪತ್ತೆಗೆ ಮಾಡುವ ಎಕ್ಸ್-ರೇ ಪರೀಕ್ಷೆ ಮ್ಯಾಮೊಗ್ರಾಮ್‌ಗೆ ನನ್ನ ಅಂಕ: ಐದಕ್ಕೆ ಮೂರೂವರೆ. ಸ್ತನ ತೀರಾ ಸಾಂದ್ರವಾಗಿದ್ದು (ಡಿ ದರ್ಜೆ), ಇದೊಂದನ್ನೇ ನಂಬಿಕೊಂಡರೆ ಎರಡು.

ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಅದಕ್ಕೂ ಮೊದಲು ಹುಡುಕಬೇಕಾದದ್ದು ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದನ್ನು. ಅದು ಸ್ತನದ ಸಾಂದ್ರತೆಯ ದರ್ಜೆ: ಎ ಎಂದರೆ ಬಹುತೇಕ ಕೊಬ್ಬು, ಡಿ ಎಂದರೆ ತೀರಾ ಸಾಂದ್ರ. ಎಕ್ಸ್-ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ. ಹಾಲಿನ ಗ್ರಂಥಿ, ನಾರಿನಂಥ ಅಂಗಾಂಶ ಬೆಳ್ಳಗೆ. ಕ್ಯಾನ್ಸರ್ ಗಡ್ಡೆಯೂ ಬಿಳಿಯೇ, ತೊಂದರೆ ಇರುವುದೇ ಇಲ್ಲಿ. ಎ ದರ್ಜೆಯಲ್ಲಿ ಗಡ್ಡೆ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಚುಕ್ಕೆಯಂತೆ ಎದ್ದು ಕಾಣುತ್ತದೆ. ಡಿಯಲ್ಲಿ ಅದನ್ನು ಹುಡುಕುವುದು ಹತ್ತಿಯ ರಾಶಿಯಲ್ಲಿ ಬಿಳಿ ಗುಂಡಿ ಹುಡುಕಿದಂತೆ. 40 ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಿ ಅಥವಾ ಡಿ. ಮುಟ್ಟಿ ನೋಡಿ ಇದನ್ನು ಹೇಳಲಾಗದು. ಮೆದುವೋ ಗಟ್ಟಿಯೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಂತ ಮ್ಯಾಮೊಗ್ರಾಮ್ ಬಿಟ್ಟು ಬರೀ ಅಲ್ಟ್ರಾಸೌಂಡ್ ಮಾಡಿಸುತ್ತೇನೆ ಎನ್ನುವುದು ತಪ್ಪು ಲೆಕ್ಕ. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಎಷ್ಟೋ ಸಲ ಉಪ್ಪಿನ ಹರಳಿನಷ್ಟು ಸಣ್ಣ ಸುಣ್ಣದ ಚುಕ್ಕೆಗಳಾಗಿ ತೋರುತ್ತದೆ. ಅವನ್ನು ಹಿಡಿಯುವುದರಲ್ಲಿ ಮ್ಯಾಮೊಗ್ರಾಮ್‌ಗೆ ಸಾಟಿಯಿಲ್ಲ. ಅಲ್ಟ್ರಾಸೌಂಡ್‌ಗೆ ಅವು ಸಾಮಾನ್ಯವಾಗಿ ಸಿಗುವುದೇ ಇಲ್ಲ. (ಪರೀಕ್ಷೆಯ ದಿನ ಪೌಡರ್, ಡಿಯೋಡರೆಂಟ್ ಬೇಡ ಎನ್ನುವುದೂ ಇದಕ್ಕೇ: ಅವುಗಳ ಕಣಗಳೂ ಚಿತ್ರದಲ್ಲಿ ಅಂಥದೇ ಚುಕ್ಕೆಗಳಂತೆ ಮೂಡಬಹುದು.) ಸಾಮಾನ್ಯವಾಗಿ ಒಂದೊಂದು ಸ್ತನಕ್ಕೆ ಎರಡು ಚಿತ್ರ: ಮೇಲಿನಿಂದ ಒಂದು, ಓರೆಯಾಗಿ ಕಂಕುಳದವರೆಗೆ ಒಂದು. ಯಂತ್ರ ಸ್ತನವನ್ನು ಒತ್ತುವುದು ಕೆಲವೇ ಸೆಕೆಂಡು. ಸರಿಯಾಗಿ ಒತ್ತದಿದ್ದರೆ ಚಿತ್ರ ಮಸುಕಾಗುತ್ತದೆ, ಪದರದ ಮೇಲೆ ಪದರ ಕೂರುತ್ತದೆ. ತಿಂಗಳ ಮುಟ್ಟು ಮುಗಿದ ಮರುವಾರ ಹೋದರೆ ನೋವು ಕಡಿಮೆ.

ಇನ್ನು ಪೂರಕ ಪರೀಕ್ಷೆಗಳು. 3ಡಿ ಮ್ಯಾಮೊಗ್ರಾಮ್ ಪದರ ಪದರವಾಗಿ ತೋರಿಸುವುದರಿಂದ 2ಡಿಗಿಂತ ವಾಸಿ, ಆದರೆ ಡಿ ದರ್ಜೆಗೆ ಅದೂ ಸಾಲದು. ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ಬಣ್ಣ ತಿರುಗುಮುರುಗು: ಗ್ರಂಥಿ ಬಿಳಿ, ಗಡ್ಡೆ ಸಾಮಾನ್ಯವಾಗಿ ಕಪ್ಪು. ಎಂಆರ್‌ಐ ಬೇರೆಯೇ ದಾರಿ ಹಿಡಿಯುತ್ತದೆ. ಗಡ್ಡೆ ತನಗಾಗಿ ಬೆಳೆಸಿಕೊಂಡ ರಕ್ತನಾಳಗಳು ಸೋರುತ್ತವೆ, ನರಕ್ಕೆ ಕೊಟ್ಟ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಿಸುವ ದ್ರವ) ಅಲ್ಲಿ ತುಂಬಿಕೊಂಡು ಹೊಳೆಯುತ್ತದೆ; ಸಾಂದ್ರತೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಕಾಂಟ್ರಾಸ್ಟ್ ಮ್ಯಾಮೊಗ್ರಾಮ್‌ನಲ್ಲೂ ಇದೇ ಉಪಾಯ, ಅಯೋಡಿನ್ ಬಳಸಿ.

ಇವುಗಳ ನಡುವಿನ ಅಂತರ ಸಣ್ಣದಲ್ಲ. 2025ರಲ್ಲಿ ಪ್ರಕಟವಾದ ಬ್ರಿಟನ್ನಿನ ಬ್ರೇಡ್ ಅಧ್ಯಯನದಲ್ಲಿ, ಮ್ಯಾಮೊಗ್ರಾಮ್ ನಾರ್ಮಲ್ ಬಂದಿದ್ದ ಸಾಂದ್ರ ಸ್ತನದ ಮಹಿಳೆಯರಲ್ಲಿ 1000 ಪರೀಕ್ಷೆಗೆ ಯಂತ್ರಚಾಲಿತ ಅಲ್ಟ್ರಾಸೌಂಡ್ ಸುಮಾರು 4 ಕ್ಯಾನ್ಸರ್ ಹಿಡಿಯಿತು, ಚುಟುಕು ಎಂಆರ್‌ಐ 17, ಕಾಂಟ್ರಾಸ್ಟ್ ಮ್ಯಾಮೊಗ್ರಾಮ್ 19. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 2019ರ ಡಚ್ ಅಧ್ಯಯನದ ಮೊದಲ ಸುತ್ತಿನಲ್ಲಿ ಎಂಆರ್‌ಐ ಮಾಡಿಸಿದ 1000 ಮಂದಿಯಲ್ಲಿ ಸುಮಾರು 80 ಮಂದಿಗೆ ಕ್ಯಾನ್ಸರ್ ಇಲ್ಲದೆಯೂ ಅನುಮಾನದ ಫಲಿತಾಂಶ ಬಂತು. ಮರಣದ ಪ್ರಮಾಣ ಇಳಿಯುತ್ತದೆಯೇ ಎಂಬುದಕ್ಕೆ ಇನ್ನೂ ಖಚಿತ ಪುರಾವೆಯಿಲ್ಲ. ಆದ್ದರಿಂದ ಎಲ್ಲರಿಗೂ ಎಂಆರ್‌ಐ ಅನ್ನುವುದು ಅತಿಯಾದೀತು. ಆದರೆ ಬಿಆರ್‌ಸಿಎ ದೋಷ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ) ಇರುವವರಿಗೆ ವರ್ಷಕ್ಕೊಂದು ಎಂಆರ್‌ಐ ಬೇಕೇ ಬೇಕು. ಡಿ ದರ್ಜೆಯವರು ವೈದ್ಯರ ಬಳಿ ಪೂರಕ ಪರೀಕ್ಷೆಯ ಮಾತು ತಾವಾಗಿಯೇ ಎತ್ತಲಿ. ಬರೀ ಸಿ ಆದರೆ ಕುಟುಂಬದ ಇತಿಹಾಸ, ಹಿಂದಿನ ಬಯಾಪ್ಸಿ ಸೇರಿಸಿ ಅಪಾಯ ಲೆಕ್ಕ ಹಾಕಿಸಿ. ಕಿಡ್ನಿ ತೊಂದರೆ, ಪೇಸ್‌ಮೇಕರ್, ಕಾಂಟ್ರಾಸ್ಟ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಹಳೆಯ ಚಿತ್ರಗಳ ಸಿಡಿ ತಪ್ಪದೆ ಒಯ್ಯಿರಿ; ಎರಡು ವರ್ಷದ ಹಿಂದೆ ಇಲ್ಲದ ನೆರಳು ಈಗ ಇದೆಯೇ ಎಂಬುದು ಹೋಲಿಸಿದರಷ್ಟೇ ಗೊತ್ತಾಗುವುದು. ಕೊನೆಯ ಸಾಲಿನ ಫಲಿತಾಂಶದಲ್ಲಿ ದರ್ಜೆ 0 ಎಂದು ಬರೆದಿದ್ದರೆ (ಇದು ಸಾಂದ್ರತೆಯ ದರ್ಜೆಯಲ್ಲ) ಗಾಬರಿ ಬೇಡ: ಇನ್ನಷ್ಟು ಚಿತ್ರ ಬೇಕು ಎಂದಷ್ಟೇ ಅರ್ಥ. ಆದರೆ ಕೈಗೆ ಹೊಸ ಗಂಟು ಸಿಗುತ್ತಿದ್ದರೆ ರಿಪೋರ್ಟ್ ನಾರ್ಮಲ್ ಎಂದು ಸುಮ್ಮನಾಗಬೇಡಿ. ಗಂಟಿನ ಜಾಗವನ್ನೇ ಬೊಟ್ಟು ಮಾಡಿ ತೋರಿಸಿ, ಅಲ್ಲಿಗೇ ಅಲ್ಟ್ರಾಸೌಂಡ್ ಮಾಡಿಸಿ.