ಮೂರು ಚಳಿಗಾಲ ಕಂಡ ರ‍್ಯಾಮ್

ಈ ರ‍್ಯಾಮ್ 2023ರ ಮೇ ತಿಂಗಳಲ್ಲಿ ತಗೊಂಡಿದ್ದು. 8 ಜಿಬಿಯ ಎರಡು ಸ್ಟಿಕ್, ಡಿಡಿಆರ್4 ಜಾತಿಯದು, ವೇಗ 3200. ಕೊಟ್ಟಿದ್ದು 3,600 ರೂಪಾಯಿ. ಉಳಿದ ವಿವರ ಡಬ್ಬಿ ಮೇಲೇ ಇರುತ್ತದೆ, ಬಿಡಿ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುವವನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು. ಕಂಪ್ಯೂಟರ್ 2019ರಲ್ಲಿ ನಾನೇ ಜೋಡಿಸಿದ್ದು. ರೈಜೆನ್ 5 3400ಜಿ ಪ್ರೊಸೆಸರ್, ಒಂದೇ ಒಂದು 8 ಜಿಬಿ ಸ್ಟಿಕ್. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ, ಪ್ರೊಸೆಸರ್ ಒಳಗಿರೋದೇ. ಅದು ತನ್ನ ಪಾಲು ಅಂತ ಇದೇ ರ‍್ಯಾಮಿನಿಂದ 2 ಜಿಬಿ ಎತ್ತಿಟ್ಟುಕೊಂಡಿತ್ತು. ಉಳಿದ ಆರರಲ್ಲಿ ವಿಂಡೋಸ್, ಕೋರಲ್‌ಡ್ರಾ, ನುಡಿ, ಜೊತೆಗೆ ಗಿರಾಕಿಗಳ ಫೋಟೊ ಬರುವ ವಾಟ್ಸಾಪ್. ಕಾರ್ಡಿನ ಮೇಲಿನ ಗಣಪತಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದರೆ ಮೌಸ್ ಮುಂದೆ ಹೋಗಿ ನಿಂತಿರುತ್ತಿತ್ತು, ಗಣಪತಿ ನಿಧಾನವಾಗಿ ಹಿಂದೆ ಬರುತ್ತಿದ್ದ.

ಅದಕ್ಕೇ ಈ ಹೊಸ ಜೋಡಿ ತಂದೆ. ಹಾಕೋದು ಐದು ನಿಮಿಷದ ಕೆಲಸ. ಆದರೆ ನಾನು ಒಂದು ಭಾನುವಾರ ಪೂರ್ತಿ ಮಾಡಿದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಇಳಿಸಿ, ಬ್ರಷ್‌ನಿಂದ ಧೂಳು ತೆಗೆದೆ. ಕೈಯ ಸ್ಟ್ಯಾಟಿಕ್ ಹೋಗಲಿ ಅಂತ ಆಗಾಗ ಕ್ಯಾಬಿನೆಟ್ಟಿನ ತಗಡು ಮುಟ್ಟಿದೆ. ಸ್ಟಿಕ್ಕಿನ ಅಂಚಿನ ಕಚ್ಚು ನಡುವಿನಲ್ಲಿ ಇಲ್ಲ, ಒಂದು ಬದಿಗೆ ಜರುಗಿದೆ, ಹಾಗಾಗಿ ತಿರುಗಾಮುರುಗಾ ಕೂರೋದಿಲ್ಲ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ. ಸರಿಯಾಗಿ ಕೂತಾಗ ಪಕ್ಕದ ಕ್ಲಿಪ್ ತಾನೇ ಎದ್ದು ‘ಟಕ್’ ಅನ್ನುತ್ತದೆ. ಆ ಸದ್ದಿಗೋಸ್ಕರ ಇನ್ನೊಂದು ಸಲ ತೆಗೆದು ಹಾಕಿದೆ ಅಂದರೆ ನಗಬೇಡಿ. ಇನ್ನೊಂದು ಮಾತು: ನಾಲ್ಕು ಸ್ಲಾಟ್ ಇದ್ದರೆ ಪಕ್ಕಪಕ್ಕ ಹಾಕಬೇಡಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ನನ್ನ ಮದರ್‌ಬೋರ್ಡಿನ ಪುಸ್ತಕದಲ್ಲೂ ಹಾಗೇ ಇದೆ. ಆಗಲೇ ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡೂ ಚಾನೆಲ್, ಅಂದರೆ ದಾರಿ, ಕೆಲಸ ಮಾಡೋದು, ಒಳಗಿನ ಗ್ರಾಫಿಕ್ಸಿಗೆ ಇದರಿಂದಲೇ ಜಾಸ್ತಿ ಲಾಭ. ವಿಂಡೋಸಿಗೂ ಮೊದಲು ತೆರೆಯುವ ಬಯಾಸ್ ಸೆಟ್ಟಿಂಗಿನಲ್ಲಿ, ರ‍್ಯಾಮನ್ನು ಡಬ್ಬಿ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿ 3200ಕ್ಕೆ ಇಟ್ಟೆ. ಗಣಪತಿ ಮೌಸ್ ಜೊತೆಗೇ ಬಂದ.

ಅಷ್ಟಕ್ಕೇ ಸುಮ್ನಿರಬೇಕಿತ್ತು. ಹಳೇ ಸ್ಟಿಕ್ ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು, 2666ರದ್ದು. ಅಂಗಡಿಗೆ ಫೋನ್ ಮಾಡಿದರೆ ‘ಏನೂ ಆಗಲ್ಲ ಸಾರ್, ಅದನ್ನೂ ಹಾಕಿ’ ಅಂದರು. ಹಾಕಿದೆ. 24 ಜಿಬಿ! ಬೇಸಿಗೆ ಕಳೆಯಿತು, ಮಳೆ ಕಳೆಯಿತು, ದಸರಾ ಮುಗಿಯಿತು. ಏನೂ ತೊಂದರೆ ಇಲ್ಲ.

ಡಿಸೆಂಬರಿನಲ್ಲಿ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಕಂಪ್ಯೂಟರ್ ಆನ್ ಮಾಡಿ, ನಂದಿನಿ ಬೂತಿಗೆ ಹೋಗಿ ಹಾಲು ತಂದು, ಕಾಫಿ ಲೋಟ ಹಿಡಿದು ಕೂರೋದು ನನ್ನ ಅಭ್ಯಾಸ. ಒಂದು ದಿನ ಬರುವಷ್ಟರಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದರು. ‘ಲೋ, ನಿನ್ನ ಪೆಟ್ಟಿಗೆ ಕೆಮ್ತಾ ಇದೆ ನೋಡೋ.’ ನಿಜ. ಫ್ಯಾನ್ ತಿರುಗೋದು, ನಿಲ್ಲೋದು, ಮತ್ತೆ ತಿರುಗೋದು, ನಿಲ್ಲೋದು. ಸ್ಕ್ರೀನ್ ಕಪ್ಪು. ಮೂರನೇ ಸಲಕ್ಕೆ ಬಂತು. ಬಂದಾಗ ರ‍್ಯಾಮ್ 2133ಕ್ಕೆ ಇಳಿದಿತ್ತು. ಎಕ್ಸ್‌ಎಂಪಿಯಲ್ಲಿ ಎದ್ದೇಳಲು ಆಗದೆ ಬೋರ್ಡು ತಾನೇ ಹಳೇ ಸೆಟ್ಟಿಂಗಿಗೆ ಹೋಗಿತ್ತು. ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದರೆ ಏನೂ ಇಲ್ಲ. ಬೆಳಗಿನ ಚಳಿಗೆ ಮಾತ್ರ ಕೆಮ್ಮು.

ಎರಡು ವಾರ ತಲೆ ಕೆಟ್ಟಿತು. ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆ ರಾತ್ರಿಯಿಡೀ ಓಡಿಸಿದೆ, ಒಂದು ಎರರ್ ಇಲ್ಲ. ಇರೋದಾದರೂ ಹೇಗೆ? ಓಡೋ ಹೊತ್ತಿಗೆ ಒಳಗೆಲ್ಲ ಬಿಸಿಯಾಗಿರುತ್ತದೆ. ತೊಂದರೆ ಇದ್ದದ್ದು ತಣ್ಣಗಿರುವಾಗ ಎದ್ದೇಳುವ ಮೊದಲ ಕ್ಷಣದಲ್ಲಿ. ಸ್ಟಿಕ್ಕಿನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿದೆ. ಅದೂ ಆಗಲಿಲ್ಲ. ಅಂಗಡಿಯವರು ಈ ಸಲ ‘ಎಸ್‌ಎಂಪಿಎಸ್ ಹೋಗಿದೆ ಸಾರ್, ಹೊಸದು ಹಾಕ್ಬಿಡಿ’ ಅಂದರು, ಅಂದರೆ ಒಳಗೆ ಕರೆಂಟ್ ಕೊಡೋ ಪವರ್ ಸಪ್ಲೈ. ಯಾವುದನ್ನೂ ನೋಡದೆ, ಫೋನಿನಲ್ಲೇ. ಆವತ್ತೇ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೂಡ ಸಿಗುತ್ತಿರಲಿಲ್ಲ.

ಕೊನೆಗೆ ಪ್ರೊಸೆಸರಿನ ವಿವರ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. 3400ಜಿ ಗೆ ಕಂಪನಿ ಹೇಳಿರುವ ವೇಗವೇ 2933. 3200 ಅಂದರೆ ಅದರ ಮಿತಿ ದಾಟಿ ಎಳೆಯೋದು. ಅದರ ಮೇಲೆ 2666ರ ಮುದುಕನನ್ನೂ ಹುಡುಗರ ಜೊತೆ ಓಡಿಸುತ್ತಿದ್ದೆ. ಹಳೆಯದನ್ನು ಕಿತ್ತೆ, ಬಯಾಸ್‌ನಲ್ಲಿ 2933 ಇಟ್ಟೆ. ಮಾರನೇ ದಿನ ಹಾಲು ತರೋಕೆ ಹೋಗಲಿಲ್ಲ, ಸ್ವೆಟರ್ ಹಾಕಿಕೊಂಡು ಅದರ ಮುಂದೆಯೇ ಕೂತೆ. ಒಂದೇ ಸಲಕ್ಕೆ ಎದ್ದಿತು. ಆಮೇಲೆ ಎರಡು ಚಳಿಗಾಲ ಕಳೆದಿವೆ, ಒಂದು ದಿನವೂ ಕೆಮ್ಮಿಲ್ಲ. 3200ಕ್ಕೂ 2933ಕ್ಕೂ ನನ್ನ ಕೆಲಸದಲ್ಲಿ ಒಂದು ಚೂರೂ ವ್ಯತ್ಯಾಸ ಕಂಡಿಲ್ಲ. 24 ಜಿಬಿಯಲ್ಲಿ ಹನ್ನೊಂದರ ಮೇಲೆ ಯಾವತ್ತೂ ಹೋಗಿರಲೂ ಇಲ್ಲ.

ಹಾಗಾಗಿ ರ‍್ಯಾಮಿಗೆ ನಾಲ್ಕೂವರೆ ಸ್ಟಾರ್. ಅರ್ಧ ಕಮ್ಮಿ ಮಾಡಿದ್ದು ಡಬ್ಬಿ ಮೇಲೆ 3200 ಅಂತ ಅಷ್ಟು ದಪ್ಪಕ್ಕೆ ಬರೆದಿದ್ದಕ್ಕೆ.

ಹಳೇ ಸ್ಟಿಕ್ ಮೇಜಿನ ಡ್ರಾಯರಿನಲ್ಲಿತ್ತು. ಈಗ ಎಐ ಸರ್ವರುಗಳ ಬೇಡಿಕೆಗೆ ರ‍್ಯಾಮ್ ಬೆಲೆ ಏರಿ ಕೂತಿದೆ, ನಾನು ತಗೊಂಡ ಇದೇ ಜೋಡಿಗೆ ಮೊನ್ನೆ ಕೇಳಿದರೆ ಹತ್ತಿರ ಹತ್ತಿರ ಮೂರು ಪಟ್ಟು ಹೇಳಿದರು. ಪಕ್ಕದ ಮನೆ ಹುಡುಗ ತನ್ನ ಕಂಪ್ಯೂಟರಿಗೆ ಅದನ್ನು ಕೇಳಿಕೊಂಡು ಬಂದ. ಕೊಟ್ಟೆ. ಅವನದೂ 2666ರದ್ದೇ ಅಂತ ಎರಡು ಸಲ ಕೇಳಿ, ಖಾತ್ರಿ ಮಾಡಿಕೊಂಡ ಮೇಲೆ.