ತುಮಕೂರಲ್ಲಿ ಎರಡು ದಿನದ ‘ವ್ಯಕ್ತಿತ್ವ ವಿಕಸನ’ ಶಿಬಿರ: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇಂಥ ಕ್ಲಾಸಿಗೆಲ್ಲ ಹೋಗುವ ಆಸಾಮಿ ನಾನಲ್ಲ. ಗುಬ್ಬಿ ಗೇಟ್ ಕಡೆ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ಬಿಚ್ಚಿ, ಹಳೇ ವೈರ್ ಕಿತ್ತು, ಹೊಸದು ಸುತ್ತಿ ಕೊಡುವ ಕೆಲಸ. ಬೇಸಿಗೆಯಲ್ಲಿ ಊಟಕ್ಕೂ ಪುರಸೊತ್ತಿರಲ್ಲ. ಮಳೆ ಹಿಡಿದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು, ಆಗ ಹೆಂಡತಿ ವಾಟ್ಸಾಪ್‌ನಲ್ಲಿ ಬಂದ ಪೋಸ್ಟರ್ ತೋರಿಸಿ “ನೀವೂ ನಿಮ್ಮ ತಮ್ಮನೂ ಹೋಗಿ ಬನ್ನಿ, ದಿನಾ ನಿಮ್ಮ ಕಿತ್ತಾಟ ನೋಡಿ ಸಾಕಾಗಿದೆ” ಅಂದಳು. ಬಿ.ಎಚ್. ರಸ್ತೆಯಲ್ಲಿ ಒಂದು ಹಾಲ್, ಶನಿವಾರ ಭಾನುವಾರ, ತಲೆಗೆ 2,500 ರೂಪಾಯಿ. ಇಬ್ಬರಿಗೆ ಐದು ಸಾವಿರ. ಹೊಟ್ಟೆ ಉರಿದುಕೊಂಡೇ ಕಟ್ಟಿದೆ.

ನಡೆಸಿದವರ ಹೆಸರು ಬರೆಯಲ್ಲ. ಒಳ್ಳೇದೂ ಇದೆ, ಕೆಟ್ಟದ್ದೂ ಇದೆ, ಸುಮ್ನೆ ಜಗಳ ಯಾಕೆ. ಇಂಥ ಶಿಬಿರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವಂತೆ, ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ತಿಂಡಿಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದರು. ಅದಕ್ಕೆ ಫುಲ್ ಮಾರ್ಕ್ಸ್. ಮೈಕ್ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಕುಯ್ ಅನ್ನುತ್ತಿತ್ತು.

ಶನಿವಾರ ಬೆಳಗ್ಗೆ ಪೂರ್ತಿ ಅಂಕಿ ಅಂಶ. ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ಉಳಿದ 93 ದನಿ ಮತ್ತು ಹಾವಭಾವ ಅಂದರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ, ಆದರೆ ತಲೆಯಲ್ಲಿ ಹುಳ ಬಿತ್ತು. ಫೋನಲ್ಲಿ ಗಿರಾಕಿ “ಐದು ಎಚ್‌ಪಿ ಮೋಟಾರ್” ಅಂತ ಹೇಳಿದರೆ ನಾನು ಅವರ ಮುಖ ನೋಡದೆಯೇ ವೈರ್ ತರಿಸುತ್ತೇನಲ್ಲ? ಮನೆಗೆ ಬಂದು ಹುಡುಕಿದೆ. ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಒಬ್ಬರ ಮಾತು ಒಂದು ಹೇಳಿ, ದನಿ ಮುಖ ಇನ್ನೊಂದು ಹೇಳಿದಾಗ, ಅವರಿಗೆ ನಮ್ಮ ಮೇಲೆ ಇಷ್ಟವೋ ಇಲ್ಲವೋ ಅಂತ ಜನ ಯಾವುದರಿಂದ ತೀರ್ಮಾನಿಸುತ್ತಾರೆ ಅನ್ನುವುದಕ್ಕೆ ಮಾತ್ರ ಸಂಬಂಧಪಟ್ಟದ್ದು. ಎಲ್ಲ ಮಾತಿಗೂ ಅಲ್ಲ.

ಇನ್ನೊಂದು, 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನುವುದು. ಇದನ್ನು ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದಿದ್ದು, ಅದೂ ತನ್ನ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕಾಗುತ್ತೆ ಅಂತ. ಆ “ಕಡಿಮೆ ಅಂದರೂ” ಎಲ್ಲೋ ಬಿದ್ದುಹೋಗಿದೆ. ಲಂಡನ್ನಿನಲ್ಲಿ 96 ಜನರನ್ನು ಇಟ್ಟುಕೊಂಡು ನಿಜಕ್ಕೂ ಅಳೆದು ನೋಡಿದಾಗ ಸರಾಸರಿ 66 ದಿನ ಬಂದಿದೆ, ಕೆಲವರಿಗೆ 18, ಕೆಲವರಿಗೆ 254ರವರೆಗೂ. ಇದನ್ನು ಹೇಳಿದ್ದರೆ ಏನು ನಷ್ಟ ಆಗುತ್ತಿತ್ತು? 22ನೇ ದಿನ ಬೆಳಗ್ಗೆ ವಾಕಿಂಗ್‌ಗೆ ಏಳಲಾಗದವನು ತನ್ನನ್ನೇ ಬೈದುಕೊಂಡು ಬಿಟ್ಟುಬಿಡುತ್ತಾನೆ, ಅಲ್ವಾ.

ಮಧ್ಯಾಹ್ನದ ಪಾಠ ಪರವಾಗಿಲ್ಲ. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು ಆದ ಮೇಲೆ ದೊಡ್ಡ ಬಿಡುವು. ಇಟಲಿಯ ಚಿರಿಲ್ಲೊ ಅನ್ನುವವರು ಓದುವ ದಿನಗಳಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಟೊಮೆಟೊಗೆ ಅಲ್ಲಿ ಪೊಮೊಡೋರೊ ಅಂತಾರೆ, ಅದೇ ಹೆಸರು. ಇದು ನನಗೆ ತಕ್ಷಣ ಹಿಡಿಸಿತು, ಯಾಕೆಂದರೆ ನಮ್ಮ ಕೆಲಸದಲ್ಲಿ ಮಧ್ಯೆ ಎಬ್ಬಿಸಿದರೆ ಏನಾಗುತ್ತೆ ಅಂತ ನನ್ನ ಕೈಗೆ ಗೊತ್ತು. ಸಬ್‌ಮರ್ಸಿಬಲ್ ಮೋಟಾರ್‌ಗೆ ವೈರನ್ನು ಸ್ಲಾಟ್ ಒಳಗೆ ಕೈಯಲ್ಲೇ ತೂರಿಸಿ, ಎಳೆದು, ಒಂದೊಂದು ಸುತ್ತನ್ನೂ ಬಾಯಲ್ಲೇ ಎಣಿಸುತ್ತ ಹೋಗಬೇಕು. ಅಷ್ಟರಲ್ಲಿ ಫೋನ್ ಬರುತ್ತೆ. ಮಾತಾಡಿ ತಿರುಗಿದರೆ, ಮೂವತ್ತೆರಡಾ ಮೂವತ್ತಮೂರಾ? ಒಂದು ಫೇಸ್‌ಗೆ ಸುತ್ತು ಕಮ್ಮಿ ಬಿದ್ದರೆ ಕರೆಂಟ್ ಏರುಪೇರಾಗಿ ಮೋಟಾರ್ ಕಾಯುತ್ತೆ, ಸುಟ್ಟುಕೊಂಡು ನಮ್ಮ ಅಂಗಡಿಗೇ ವಾಪಸ್ ಬರುತ್ತೆ.

ಆದರೆ 25 ನಿಮಿಷದ ಲೆಕ್ಕ ನಮಗೆ ಹೊಂದಲ್ಲ. ಟೈಮರ್ ಹೊಡೆದುಕೊಂಡಾಗ ಕಾಯಿಲ್ ಅರ್ಧದಲ್ಲಿರುತ್ತೆ. ಹಾಗಾಗಿ ಈಗ ಗಡಿಯಾರ ಬಿಟ್ಟು ಕಾಯಿಲ್ ಲೆಕ್ಕ ಹಿಡಿದಿದ್ದೇನೆ. ಒಂದು ಕಾಯಿಲ್ ಮುಗಿಯುವವರೆಗೆ ಫೋನ್ ಅಪ್ಪನ ಜೇಬಲ್ಲಿ. ಅಪ್ಪ ಎತ್ತಿ “ಅವನು ಸುತ್ತುತ್ತಾ ಇದಾನೆ” ಅಂತಾರೆ, ಅಷ್ಟೇ.

ಯಾವ ಕೆಲಸ ತುರ್ತು, ಯಾವುದು ಮುಖ್ಯ ಅಂತ ವಿಂಗಡಿಸೋಕೆ ನಾಲ್ಕು ಚೌಕ ಬರೆಸಿದ್ದು ಮಾತ್ರ ಬೇಸಿಗೆಯಲ್ಲಿ ನಡೆಯಲ್ಲ. ಅಡಿಕೆ ತೋಟ ಒಣಗುತ್ತಿದೆ ಅಂತ ಬಂದು ನಿಂತವರನ್ನು ಯಾವ ಚೌಕಕ್ಕೆ ಹಾಕಲಿ? ಎಲ್ಲರೂ ತುರ್ತೂ ಹೌದು, ಮುಖ್ಯವೂ ಹೌದು ಅನ್ನುವ ಮೊದಲನೇದರಲ್ಲೇ. ಮಳೆಗಾಲದಲ್ಲಿ ಬಾಕಿ ಪುಸ್ತಕ ಬರೆಯುವುದಕ್ಕೆ ಸ್ವಲ್ಪ ಉಪಯೋಗ ಆಯಿತು, ಅದು ಎರಡು ವರ್ಷದಿಂದ ಮುಖ್ಯ ಆದರೆ ತುರ್ತಲ್ಲ ಅನ್ನುವ ಚೌಕದಲ್ಲೇ ಮಲಗಿತ್ತು.

ಈಗ ಐದು ಸಾವಿರ ವಸೂಲಾದ ಕಥೆ. ಭಾನುವಾರ ಬೆಳಗ್ಗೆ ಎದುರುಬದುರು ಕೂರಿಸಿದರು. ಒಬ್ಬರು ನಾಲ್ಕು ನಿಮಿಷ ಮಾತಾಡಬೇಕು, ಇನ್ನೊಬ್ಬರು ಬಾಯಿ ಬಿಡಬಾರದು. ಆಮೇಲೆ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಮಾತಾಡಿದವರು “ಹೌದು, ಅದೇ” ಅನ್ನುವವರೆಗೆ. ನನ್ನೆದುರು ನನ್ನ ತಮ್ಮ. ಮೊದಲ ಒಂದು ನಿಮಿಷ ನೆಲ ನೋಡಿಕೊಂಡು ಕೂತ. ಆಮೇಲೆ ಹೇಳಿದ: “ಗಿರಾಕಿ ಮುಂದೆ ನನ್ನ ಬೈತೀಯಲ್ಲ ಅಣ್ಣ, ಆಮೇಲೆ ಅದೇ ಗಿರಾಕಿ ಹೊಲಕ್ಕೆ ಮೋಟಾರ್ ಇಳಿಸೋಕೆ ಹೋಗೋನು ನಾನೇ. ಅಲ್ಲಿ ಅವರು ನನ್ನ ಮಾತು ನಂಬಲ್ಲ. ‘ನಿಮ್ಮಣ್ಣನಿಗೆ ಫೋನ್ ಹಾಕಪ್ಪ’ ಅಂತಾರೆ.”

ನನ್ನ ಸರದಿ ಬಂತು. “ನಾನು ಬೈತೀನಿ ಅಂತ ನಿನಗೆ ಬೇಜಾರು, ಆದ್ರೆ ನೀನು ಕೇಬಲ್ ಜಾಯಿಂಟ್ ಸರಿಯಾಗಿ...” ಅನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಮೇಡಂ ಭುಜ ತಟ್ಟಿದರು. “ಆದ್ರೆ ಬೇಡ ಸರ್, ಅವರು ಹೇಳಿದ್ದಷ್ಟೇ.” ಎರಡನೇ ಸಲವೂ ಆದ್ರೆ ಬಂತು. ಮೂರನೇ ಸಲ ಪೂರ್ತಿ ಹೇಳಿದೆ, ಹೊಲದಲ್ಲಿ ಅವನ ಮಾತು ಯಾರೂ ನಂಬಲ್ಲ ಅನ್ನುವುದನ್ನೂ ಸೇರಿಸಿ. ಅವನು “ಹ್ಞೂಂ, ಅದೇ” ಅಂದ. ಹನ್ನೊಂದು ವರ್ಷ ಒಂದೇ ಅಂಗಡಿಯಲ್ಲಿ ಕೂತಿದ್ದೇವೆ, ಈ ಫೋನ್ ಹಾಕಿಸುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಹೊಲದಿಂದ ಅಂಥ ಫೋನ್ ಬಂದರೆ “ಅವನು ಹೇಳಿದ ಹಾಗೇ ಮಾಡಿ” ಅಂದು ಇಟ್ಟುಬಿಡುತ್ತೇನೆ. ಬೈಯುವುದು ಪೂರ್ತಿ ನಿಂತಿಲ್ಲ, ಶಟರ್ ಎಳೆದ ಮೇಲಕ್ಕೆ ಹೋಗಿದೆ.

ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲೇ ಹೀಗೆ ಕೇಳಿಸಿಕೊಳ್ಳುವುದರ ಬಗ್ಗೆ ಬರೆದಿದ್ದರಂತೆ. ಅಂದರೆ ಇವರ ಸ್ವಂತ ಸರಕಲ್ಲ, ಆದರೂ ನಮ್ಮನ್ನು ಕೂರಿಸಿ ಮಾಡಿಸಿದ್ದು ಇವರೇ, ಆ ಕ್ರೆಡಿಟ್ ಕೊಡುತ್ತೇನೆ.

ಎರಡು ಸ್ಟಾರ್ ಕಿತ್ತಿದ್ದು ಕೊನೇ ಒಂದೂವರೆ ಗಂಟೆಗೆ. ಲೈಟ್ ಆರಿಸಿದರು. ವೀಣೆ ಮ್ಯೂಸಿಕ್ ಹಾಕಿದರು. ಕಣ್ಣು ಮುಚ್ಚಿ ಅಪ್ಪ ಅಮ್ಮನನ್ನು ನೆನೆಸಿಕೊಳ್ಳಿ, ಅವರು ಇಲ್ಲದ ಮನೆ ನೆನೆಸಿಕೊಳ್ಳಿ ಅಂದರು. ಅರ್ಧ ಹಾಲ್ ಅತ್ತಿತು. ನನಗೂ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ. ಲೈಟ್ ಹಾಕಿದ ಐದು ನಿಮಿಷಕ್ಕೆ ಅಡ್ವಾನ್ಸ್ಡ್ ಲೆವೆಲ್ ಫಾರಂ ಹಂಚಿದರು. 18,000, ಇವತ್ತೇ ಕಟ್ಟಿದರೆ 12,000. ಪಕ್ಕದ ಸಾಲಿನ ಒಬ್ಬ ಅಮ್ಮ ಒಂದು ಕೈಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಫೋನ್‌ಪೇ ಪಿನ್ ಒತ್ತುತ್ತಿದ್ದರು. ಅಳಿಸಿ ದುಡ್ಡು ಕೇಳುವುದು ಯಾವ ಪಾಠ ಅಂತ ನನಗೆ ಅರ್ಥ ಆಗಲಿಲ್ಲ. ಎದ್ದು ಹೊರಟರೆ ಬಾಗಿಲ ಹತ್ತಿರ ಒಬ್ಬ ಹುಡುಗ ನಿಂತು “ಸರ್, ಬದಲಾಗೋಕೆ ಭಯಾನಾ?” ಅಂದ. ನನ್ನ ತಮ್ಮ ಅವನಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂತಿಲ್ಲ.

ಹೋಗುವುದಾದರೆ ಒಬ್ಬರೇ ಹೋಗಬೇಡಿ, ದಿನಾ ಯಾರ ಜೊತೆ ಜಗಳ ಆಡುತ್ತೀರೋ ಅವರನ್ನೇ ಕರೆದುಕೊಂಡು ಹೋಗಿ. ಕಾರ್ಡು, ಫೋನ್‌ಪೇ ಎಲ್ಲ ಮನೆಯಲ್ಲಿ ಬಿಡಿ. ಭಾನುವಾರ ಮೂರೂವರೆಗೆ ಟೀ ಬರುತ್ತೆ. ಟೀ ಕುಡಿದು ಹೊರಟುಬಿಡಿ.